ಹೆಣ್ಣುಮಕ್ಕಳ ಸಣ್ಣ ವ್ಯಾಪಾರಕ್ಕೆ ಬ್ಯಾಂಕ್ ಸಾಲ: ಲೆಕ್ಕದ ಪುಸ್ತಕದಿಂದ ಕೊನೆಯ ಕಂತಿನವರೆಗೆ

ನಮ್ಮ ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ಒಬ್ಬ ಅಕ್ಕ ಇದ್ದಾರೆ. ಧಾರವಾಡದ ನಾಲ್ಕು ಖಾನಾವಳಿಗಳಿಗೆ ದಿನಾ 250 ಜೋಳದ ರೊಟ್ಟಿ ಕಳಿಸುತ್ತಾರೆ. ಎಂಟು ವರ್ಷದ ವ್ಯಾಪಾರ. ರೊಟ್ಟಿ ಯಂತ್ರ ತಗೊಳ್ಳೋಣ ಅಂತ ಬ್ಯಾಂಕಿಗೆ ಹೋದರು. ಮ್ಯಾನೇಜರ್ ಕೇಳಿದ್ದು ಒಂದೇ ಮಾತು: "ನಿಮ್ಮ ವ್ಯಾಪಾರದ್ದು ಏನಾದರೂ ದಾಖಲೆ ಐತೇನ್ರೀ?"

ಏನೂ ಇರಲಿಲ್ಲ. ಖಾನಾವಳಿಯವರು ದುಡ್ಡು ಹಾಕುತ್ತಿದ್ದದ್ದು ಮಗನ ಫೋನಿಗೆ. ಜೋಳದ ಬಿಲ್ ಗಂಡನ ಹೆಸರಿಗೆ. ಉಳಿದದ್ದೆಲ್ಲ ಕೈಯಿಂದ ಕೈಗೆ. ಎಂಟು ವರ್ಷ ಬೆಳಗ್ಗೆ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿದವರ ಹೆಸರು ಒಂದು ಕಾಗದದಲ್ಲೂ ಇರಲಿಲ್ಲ.

ಅವರಿಗೆ ಕಾಗದ ಹೊಂದಿಸಿಕೊಡಲು ನಾನು ಜೊತೆಗೆ ಓಡಾಡಿದೆ. ಆಮೇಲೆ ಓಣಿಯ ಇನ್ನೂ ಹಲವರ ಜೊತೆ ಓಡಾಡಿದೆ. ಅಲ್ಲಿ ಕಲಿತದ್ದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಹೊಲಿಗೆ, ಬ್ಯೂಟಿ ಪಾರ್ಲರ್, ಹಪ್ಪಳ-ಸಂಡಿಗೆ, ಹೂವಿನ ಅಂಗಡಿ, ಹೈನುಗಾರಿಕೆ, ನಿಮ್ಮದು ಯಾವುದೇ ಇರಲಿ, ದಾರಿ ಹೆಚ್ಚುಕಮ್ಮಿ ಒಂದೇ.

ಹಂತ 1: ವ್ಯಾಪಾರವನ್ನು ನಿಮ್ಮ ಹೆಸರಿಗೆ ತನ್ನಿ

ಸಾಲದ ಮಾತು ಆಮೇಲೆ. ಮೊದಲು ಇದು ಆಗಬೇಕು.

ನಿಮ್ಮ ಹೆಸರಲ್ಲೇ ಒಂದು ಬ್ಯಾಂಕ್ ಖಾತೆ ಇರಲಿ. ಗಂಡನ ಜೊತೆಗಿನ ಜಂಟಿ ಖಾತೆ ಬೇಡ. ಅದಕ್ಕೆ ನಿಮ್ಮದೇ ಮೊಬೈಲ್ ನಂಬರ್ ಜೋಡಿಸಿ. ಆ ಖಾತೆಗೆ ಕ್ಯೂಆರ್ ಕೋಡ್ ಮಾಡಿಸಿ, ಅಂಗಡಿಯಲ್ಲೋ ಅಡುಗೆಮನೆ ಬಾಗಿಲಲ್ಲೋ ಅಂಟಿಸಿ. ಇಂದಿನಿಂದ ಗಿರಾಕಿ ದುಡ್ಡು ಅಲ್ಲಿಗೇ ಬರಲಿ. ಕೈಗೆ ಬಂದ ನಗದನ್ನೂ ವಾರಕ್ಕೊಮ್ಮೆ ಅದೇ ಖಾತೆಗೆ ಕಟ್ಟಿ. ಆರು ತಿಂಗಳು ಹೀಗೆ ನಡೆದರೆ ಪಾಸ್‌ಬುಕ್ಕೇ ನಿಮ್ಮ ಪರವಾಗಿ ಮಾತಾಡುತ್ತದೆ. ಹಳೆ ಕಾಲದ ಪಿಗ್ಮಿ ನೆನಪಿದೆಯಲ್ವಾ? ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರು ಮಾಡಿದ್ದು. ಏಜೆಂಟ್ ದಿನಾ ಬಾಗಿಲಿಗೆ ಬಂದು ಎರಡಾಣೆ ತಗೊಂಡು ಹೋಗುತ್ತಿದ್ದರು. ದಿನದ ಆದಾಯವನ್ನು ಖಾತೆಗೆ ಸೇರಿಸುವ ಆ ರೂಢಿಯನ್ನೇ ಈಗ ಯುಪಿಐನಲ್ಲಿ ಮಾಡಬೇಕು.

"ಯುಪಿಐ ತಗೊಂಡರೆ ಟ್ಯಾಕ್ಸ್‌ನವರು ಬರುತ್ತಾರೆ" ಅನ್ನುವ ಹೆದರಿಕೆ ತುಂಬ ಜನರಿಗಿದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಗಳು ಕ್ಯೂಆರ್ ಕೋಡ್ ಕಿತ್ತು ಹಾಕಿದವು. ಆದರೆ ಜಿಎಸ್‌ಟಿ ನೋಂದಣಿ ಬೇಕಾಗುವುದು ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರದು 20 ಲಕ್ಷ ದಾಟಿದಾಗ. ನಮ್ಮ ರೊಟ್ಟಿ ಅಕ್ಕನ ವರ್ಷದ ವಹಿವಾಟು ಐದೂಕಾಲು ಲಕ್ಷ. ಹೆದರಿ ಖಾತೆ ಖಾಲಿ ಇಟ್ಟುಕೊಂಡರೆ ನಷ್ಟ ಯಾರಿಗೆ? ಒಂದು ಎಚ್ಚರ ಇರಲಿ: ನೆಂಟರಿಗೆ ಕೈಸಾಲ ಕೊಟ್ಟಿದ್ದು, ಚೀಟಿ ದುಡ್ಡು, ಇವನ್ನೆಲ್ಲ ವ್ಯಾಪಾರದ ಖಾತೆಯಲ್ಲಿ ಬೆರೆಸಬೇಡಿ.

ಇನ್ನು ಉದ್ಯಮ್ ನೋಂದಣಿ, ಅಂದರೆ ನಿಮ್ಮದು ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲಿಸುವುದು. ಇದು 2020ರ ಜುಲೈ 1ರಿಂದ ಇದೆ. ಪೂರ್ತಿ ಉಚಿತ. ಆಧಾರ್, ಪ್ಯಾನ್, ಆಧಾರ್‌ಗೆ ಜೋಡಿಸಿದ ಮೊಬೈಲ್ ಇದ್ದರೆ ಕೂತಲ್ಲೇ ಆಗುತ್ತದೆ. ಸರ್ಕಾರಿ ಜಾಲತಾಣದ ಹಾಗೇ ಕಾಣುವ ಖಾಸಗಿ ತಾಣಗಳು ಸಾವಿರ, ಎರಡು ಸಾವಿರ ಶುಲ್ಕ ಕೇಳುತ್ತವೆ. ವಿಳಾಸದ ಕೊನೆಯಲ್ಲಿ ಸರ್ಕಾರದ "ಜಿಒವಿ ಡಾಟ್ ಇನ್" ಇದೆಯಾ ನೋಡಿಯೇ ಮುಂದುವರಿಯಿರಿ. ಮನೆಯಲ್ಲೇ ಮಾಡುವ, ಜಿಎಸ್‌ಟಿ ಇಲ್ಲದ ತೀರಾ ಚಿಕ್ಕ ವ್ಯಾಪಾರಕ್ಕೆ 2023ರಿಂದ ಉದ್ಯಮ್ ಅಸಿಸ್ಟ್ ಅನ್ನುವ ಇನ್ನೂ ಸುಲಭದ ದಾರಿ ಇದೆ. ಬ್ಯಾಂಕಿನವರೇ ಮಾಡಿಕೊಡಬಹುದು. ಮಾಲೀಕರ ಹೆಸರಿನ ಜಾಗದಲ್ಲಿ ನಿಮ್ಮ ಹೆಸರೇ ಇರಬೇಕು, ಇದರಲ್ಲಿ ರಾಜಿ ಬೇಡ.

ತಿನ್ನುವ ಪದಾರ್ಥ ಮಾಡುವವರು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿ. ಅಂಗಡಿ ಇದ್ದರೆ ಪಂಚಾಯಿತಿ ಅಥವಾ ಪಾಲಿಕೆಯ ಪರವಾನಗಿ ತಗೊಳ್ಳಿ.

ಹಂತ 2: ಒಂದು ನೋಟ್‌ಬುಕ್, ದಿನಕ್ಕೆ ಐದು ನಿಮಿಷ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಸಾಲ ಸಿಗುವುದೂ ಇದರಿಂದಲೇ, ಸಾಲ ಬೇಕೋ ಬೇಡವೋ ಗೊತ್ತಾಗುವುದೂ ಇದರಿಂದಲೇ.

ಅಕ್ಕ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದರು. ಎಡಪುಟದಲ್ಲಿ ಬಂದದ್ದು, ಬಲಪುಟದಲ್ಲಿ ಹೋದದ್ದು. ಹಿಟ್ಟಿನ ಕೈಯಲ್ಲೇ ಬರೆದದ್ದರಿಂದ ಮೊದಲ ಪುಟಗಳ ಅಂಚು ಇವತ್ತಿಗೂ ಬೆಳ್ಳಗಿದೆ. ಒಂದು ದಿನದ ಲೆಕ್ಕ ಹೀಗಿತ್ತು: 250 ರೊಟ್ಟಿ, ಒಂದಕ್ಕೆ 7 ರೂಪಾಯಿ, ಒಟ್ಟು 1,750. ಜೋಳ 14 ಕೆಜಿ, ಬೀಸಿದ ಕೂಲಿ ಸೇರಿ 700. ಗ್ಯಾಸ್ 200. ಕೈಕೆಲಸಕ್ಕೆ ಬರುವ ಹೆಣ್ಣುಮಗಳ ಕೂಲಿ 350. ಕವರ್, ಆಟೋ 100. ಉಳಿದದ್ದು 400. ತಿಂಗಳಿಗೆ 25 ದಿನ ಹಿಡಿದರೆ 10,000.

"ಇಷ್ಟ ಏನು? ನಾ ಭಾಳ ಉಳೀತೈತಿ ಅನ್ಕೊಂಡಿದ್ದೆ" ಅಂದರು ಅಕ್ಕ. ಮನೆಯ ಅಕ್ಕಿ, ಮಗಳ ಬಸ್ ಪಾಸ್ ಎಲ್ಲ ಅದೇ ಡಬ್ಬಿಯಿಂದ ಹೋಗುತ್ತಿತ್ತು. ಹಾಗಾಗಿ ನಿಜವಾದ ಉಳಿತಾಯ ಎಷ್ಟು ಅಂತ ಎಂಟು ವರ್ಷ ಕಂಡಿರಲೇ ಇಲ್ಲ. ನೀವೂ ಮನೆಯ ಡಬ್ಬಿ ಬೇರೆ, ವ್ಯಾಪಾರದ ಡಬ್ಬಿ ಬೇರೆ ಇಡಿ. ವ್ಯಾಪಾರದಿಂದ ಮನೆಗೆ ದುಡ್ಡು ತೆಗೆದರೆ "ಮನೆಗೆ" ಅಂತ ಬರೆದೇ ತೆಗೆಯಿರಿ.

ಮೂರು ತಿಂಗಳ ಪುಸ್ತಕ, ಆರು ತಿಂಗಳ ಪಾಸ್‌ಬುಕ್. ಇಷ್ಟಿದ್ದರೆ ಬ್ಯಾಂಕಿನಲ್ಲಿ ಮಾತಿನ ಧಾಟಿಯೇ ಬದಲಾಗುತ್ತದೆ.

ಹಂತ 3: ಎಷ್ಟು ಸಾಲ? ಕೇಳುವ ಮೊದಲೇ ಗೊತ್ತಿರಲಿ

"ಎಷ್ಟು ಬೇಕಮ್ಮ?" ಅಂದಾಗ "ಎಷ್ಟು ಕೊಡ್ತೀರಿ ಸರ್?" ಅನ್ನುವವರೇ ಜಾಸ್ತಿ. ಹಾಗೆ ಕೇಳಿದರೆ ಲೆಕ್ಕವಿಲ್ಲದೆ ಬಂದಿದ್ದಾರೆ ಅಂತ ಅವರಿಗೆ ತಿಳಿದುಬಿಡುತ್ತದೆ.

ಯಂತ್ರ ಬೇಕಿದ್ದರೆ ಮಾರುವವರಿಂದ ಕೊಟೇಶನ್ ತಗೊಳ್ಳಿ, ಸೀಲ್ ಹಾಕಿಸಿ. ಅಕ್ಕನಿಗೆ ಯಂತ್ರ 1,20,000 ಅಂದರು. ಹೆಚ್ಚು ರೊಟ್ಟಿ ಮಾಡಲು ಜೋಳಕ್ಕೆ, ಕವರಿಗೆ 30,000 ಬೇಕು. ಕೈಯಲ್ಲಿ 20,000 ಇತ್ತು. ಹಾಗಾದರೆ ಸಾಲ 1,30,000. ಮೂರು ವರ್ಷ, 12% ಬಡ್ಡಿ ಹಿಡಿದರೆ ಕಂತು ಸುಮಾರು 4,300. ಈಗಿನ ಉಳಿತಾಯ 10,000ದಲ್ಲೇ ಕಂತು ಕಟ್ಟಬಹುದು. ಯಂತ್ರ ಬಂದು ರೊಟ್ಟಿ 400 ಆದರೆ ಇನ್ನೂ ನಿರಾಳ.

ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಇವತ್ತಿನ ಉಳಿತಾಯದ ಅರ್ಧಕ್ಕಿಂತ ಕಂತು ಜಾಸ್ತಿ ಆಗಬಾರದು. ನಾಳೆ ಬರಬಹುದಾದ ಲಾಭ ನಂಬಿ ಕಂತು ಒಪ್ಪಿಕೊಳ್ಳಬೇಡಿ. ಶ್ರಾವಣದಲ್ಲಿ ವ್ಯಾಪಾರ ಒಂದು ಥರ, ಮದುವೆ ಸೀಸನ್‌ನಲ್ಲಿ ಇನ್ನೊಂದು ಥರ. ಕಂತು ಮಾತ್ರ ಪ್ರತಿ ತಿಂಗಳೂ ಒಂದೇ.

ಹಂತ 4: ಕ್ರೆಡಿಟ್ ಸ್ಕೋರ್ ನೋಡಿಕೊಳ್ಳಿ

ಹಿಂದಿನ ಸಾಲಗಳನ್ನು ನೀವು ಹೇಗೆ ತೀರಿಸಿದ್ದೀರಿ ಅನ್ನುವುದಕ್ಕೆ ಕೊಡುವ ಅಂಕ ಇದು. ಬ್ಯಾಂಕಿನವರು ಮೊದಲು ನೋಡುವುದು ಇದನ್ನೇ. ಜನ ಬಾಯಲ್ಲಿ ಸಿಬಿಲ್ ಅನ್ನುತ್ತಾರೆ. ನಿಜಕ್ಕೆ ಈ ಅಂಕ ಕೊಡುವ ಸಂಸ್ಥೆಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈಮಾರ್ಕ್. ಪ್ರತಿಯೊಂದೂ ವರ್ಷಕ್ಕೊಂದು ವರದಿಯನ್ನು ಉಚಿತವಾಗಿ ಕೊಡಲೇಬೇಕು. ಸ್ಕೋರ್ 300ರಿಂದ 900ರವರೆಗೆ ಇರುತ್ತದೆ.

ವರದಿ ತೆಗೆಸಿ ಸಾಲುಸಾಲಾಗಿ ಓದಿ. ನೀವು ಮಾಡದ ಸಾಲ ಇದೆಯಾ? ತೀರಿಸಿದ ಸಾಲ ಇನ್ನೂ ಬಾಕಿ ಅಂತ ತೋರಿಸುತ್ತಿದೆಯಾ? ಸಂಘದ ಸಾಲ, ಮೈಕ್ರೋಫೈನಾನ್ಸ್ ಸಾಲ ಕೂಡ ಅಲ್ಲಿ ಬರುತ್ತವೆ. ತಪ್ಪಿದ್ದರೆ ದೂರು ಕೊಡಿ. 30 ದಿನದಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು ಅನ್ನುವ ಆರ್‌ಬಿಐ ನಿಯಮ 2024ರಿಂದ ಜಾರಿಯಲ್ಲಿದೆ.

ಯಾವತ್ತೂ ಸಾಲ ಮಾಡದವರಿಗೆ ಸ್ಕೋರೇ ಇರುವುದಿಲ್ಲ. ಅದು ತಪ್ಪಲ್ಲ. ಸಾಲದ ಇತಿಹಾಸ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಮೊದಲ ಸಾಲದ ಅರ್ಜಿ ತಿರಸ್ಕರಿಸಬಾರದು ಅಂತ ಆರ್‌ಬಿಐ ಬ್ಯಾಂಕುಗಳಿಗೆ ಹೇಳಿದೆ.

ಹಂತ 5: ಯಾವ ಬಾಗಿಲು ತಟ್ಟಬೇಕು?

ಯೋಜನೆಗಳ ಹೆಸರು ಕೇಳಿಯೇ ತಲೆ ತಿರುಗುತ್ತದೆ. ನಿಮಗೆ ಹೊಂದುವುದು ಒಂದೋ ಎರಡೋ ಇರುತ್ತವೆ ಅಷ್ಟೇ. ಅವಧಿ, ಮೊತ್ತ ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ಮುಂಚೆ ಯೋಜನೆ ಚಾಲ್ತಿಯಲ್ಲಿದೆಯಾ ಅಂತ ಕೇಳಿಕೊಳ್ಳಿ.

ಈಗಾಗಲೇ ವ್ಯಾಪಾರ ನಡೆಸುತ್ತಿರುವ ಹೆಚ್ಚಿನವರಿಗೆ ಮೊದಲ ಬಾಗಿಲು ಮುದ್ರಾ. 2015ರ ಏಪ್ರಿಲ್ 8ರಂದು ಶುರುವಾಯಿತು. ಶಿಶು 50,000ದವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ. ತರುಣ ಸಾಲವನ್ನು ಸರಿಯಾಗಿ ತೀರಿಸಿದವರಿಗೆ 2024ರಿಂದ 20 ಲಕ್ಷದವರೆಗಿನ ತರುಣ ಪ್ಲಸ್ ಇದೆ. ಮುದ್ರಾ ಸಂಸ್ಥೆ ನೇರವಾಗಿ ಯಾರಿಗೂ ಸಾಲ ಕೊಡುವುದಿಲ್ಲ, ಬ್ಯಾಂಕಿನಲ್ಲೇ ಕೇಳಬೇಕು. "ಮುದ್ರಾ ಸಾಲ ಮಂಜೂರಾಗಿದೆ, ಶುಲ್ಕ ಕಟ್ಟಿ" ಅಂತ ವಾಟ್ಸಾಪ್ ಬಂದರೆ ಅದು ಮೋಸ. ಇದರಲ್ಲಿ ಸಬ್ಸಿಡಿ ಇಲ್ಲ, ಅಡಮಾನವೂ ಇಲ್ಲ.

ಅಡಮಾನದ ಮಾತು ಬಂತು. ಸಣ್ಣ ಉದ್ಯಮಗಳಿಗೆ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದು ಅಂತ ಆರ್‌ಬಿಐ 2010ರಲ್ಲೇ ಹೇಳಿದೆ. ನಮ್ಮ ಹೆಣ್ಣುಮಕ್ಕಳ ಹೆಸರಲ್ಲಿ ಹೊಲ, ಮನೆ ಇರುವುದೇ ಅಪರೂಪ. ಆದ್ದರಿಂದ ಈ ಒಂದು ಸಾಲಿನ ನಿಯಮ ನಿಮಗೆ ಬಾಯಿಪಾಠ ಇರಲಿ. ಸಾಲ ಮರುಪಾವತಿ ಆಗದಿದ್ದರೆ ಬ್ಯಾಂಕಿಗೆ ಖಾತರಿ ಕೊಡಲು ಸರ್ಕಾರದ ಗ್ಯಾರಂಟಿ ನಿಧಿಗಳಿವೆ. ಹಾಗಂತ ಬ್ಯಾಂಕ್ ಕಣ್ಣು ಮುಚ್ಚಿ ಕೊಡುತ್ತದೆ ಅಂತಲ್ಲ, ನಿಮ್ಮ ಲೆಕ್ಕ ನೋಡಿಯೇ ಕೊಡುತ್ತದೆ.

ಆಹಾರ ಪದಾರ್ಥ ಮಾಡುವವರು ಪಿಎಂಎಫ್‌ಎಂಇ, ಅಂದರೆ ಕಿರು ಆಹಾರ ಉದ್ಯಮಗಳ ಯೋಜನೆ ಬಗ್ಗೆ ಕೇಳಲೇಬೇಕು. ರೊಟ್ಟಿ, ಚಟ್ನಿಪುಡಿ, ಉಪ್ಪಿನಕಾಯಿ, ಬೆಲ್ಲ, ಎಣ್ಣೆ ಗಾಣ ಎಲ್ಲ ಬರುತ್ತವೆ. ಯೋಜನಾ ವೆಚ್ಚದ 35%, ಗರಿಷ್ಠ 10 ಲಕ್ಷ ಸಬ್ಸಿಡಿ ಕೇಂದ್ರದ ಯೋಜನೆಯಲ್ಲಿದೆ. ಅದರ ಮೇಲೆ ಕರ್ನಾಟಕ ಸರ್ಕಾರ ಇನ್ನೂ 15% ಸೇರಿಸಿತು. ಸ್ವಸಹಾಯ ಸಂಘದಲ್ಲಿದ್ದು ಆಹಾರ ತಯಾರಿಸುವವರಿಗೆ ತಲಾ 40,000ದವರೆಗೆ ಮೂಲ ಬಂಡವಾಳವೂ ಇದರಲ್ಲಿದೆ. ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಜಿಲ್ಲಾ ಸಂಪನ್ಮೂಲ ವ್ಯಕ್ತಿ ಯಾರು ಅಂತ ಕೇಳಿ. ಯೋಜನಾ ವರದಿ ಬರೆದು, ಬ್ಯಾಂಕಿನವರೆಗೆ ಜೊತೆಗಿರುವುದು ಅವರ ಕೆಲಸ. ಅದಕ್ಕೆ ಸರ್ಕಾರವೇ ಅವರಿಗೆ ದುಡ್ಡು ಕೊಡುತ್ತದೆ. ನೀವು ಕೊಡಬೇಕಾಗಿಲ್ಲ.

ಹೊಸದಾಗಿ ಶುರು ಮಾಡುವವರಿಗೆ ಪಿಎಂಇಜಿಪಿ, ಕೇಂದ್ರದ ಉದ್ಯೋಗ ಸೃಷ್ಟಿ ಯೋಜನೆ. ಹೆಣ್ಣುಮಕ್ಕಳಿಗೆ ಹಳ್ಳಿಯಲ್ಲಿ 35%, ಪಟ್ಟಣದಲ್ಲಿ 25% ಸಬ್ಸಿಡಿ, ಕೈಯಿಂದ ಹಾಕಬೇಕಾದದ್ದು 5% ಮಾತ್ರ. ಆದರೆ ಸಬ್ಸಿಡಿ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿದ್ದು, ಘಟಕ ನಡೆಯುತ್ತಿದ್ದರೆ ಸಾಲಕ್ಕೆ ಹೊಂದಿಕೆಯಾಗುತ್ತದೆ.

ಉದ್ಯೋಗಿನಿ ನಮ್ಮ ರಾಜ್ಯದ್ದು, ಮಹಿಳಾ ಅಭಿವೃದ್ಧಿ ನಿಗಮದ ಯೋಜನೆ. 3 ಲಕ್ಷದವರೆಗಿನ ಬ್ಯಾಂಕ್ ಸಾಲ. ಪರಿಶಿಷ್ಟ ಜಾತಿ, ಪಂಗಡದವರಿಗೆ 50% ಸಹಾಯಧನ, ಉಳಿದವರಿಗೆ 30%, ಗರಿಷ್ಠ 90,000. ವಯಸ್ಸು 18ರಿಂದ 55. ವರಮಾನದ ಮಿತಿ ಇದೆ, ವಿಧವೆಯರಿಗೆ ಮತ್ತು ಅಂಗವಿಕಲರಿಗೆ ಆ ಮಿತಿ ಇಲ್ಲ. "ಬಡ್ಡಿಯಿಲ್ಲದ 3 ಲಕ್ಷ" ಅಂತ ಫೋನಿನಲ್ಲಿ ಹರಿದಾಡುವುದನ್ನು ನಂಬಬೇಡಿ. ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ಕೇಳಿ. ಪ್ರತಿ ಜಿಲ್ಲೆಗೂ ಇಷ್ಟೇ ಜನ ಅಂತ ಗುರಿ ಇರುತ್ತದೆ. ಅದಕ್ಕೇ ಇದೊಂದನ್ನೇ ನೆಚ್ಚಿ ವರ್ಷಗಟ್ಟಲೆ ಕಾಯಬೇಡಿ.

ತಳ್ಳುಗಾಡಿ, ಬೀದಿಬದಿ ವ್ಯಾಪಾರದವರಿಗೆ ಪಿಎಂ ಸ್ವನಿಧಿ. ಈಗ ಮೊದಲ ಸಾಲ 15,000ದವರೆಗೆ, ತೀರಿಸಿದರೆ 25,000, ಆಮೇಲೆ 50,000.

ಸ್ವಸಹಾಯ ಸಂಘವನ್ನು ಮರೆಯಬೇಡಿ. ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸವನ್ನು ನಬಾರ್ಡ್ 1992ರಲ್ಲಿ ಶುರು ಮಾಡಿತು. ಅದಕ್ಕೂ ಮೊದಲೇ ಮೈರಾಡ ಸಂಸ್ಥೆ ನಮ್ಮ ರಾಜ್ಯದಲ್ಲಿ ಇಂಥ ಗುಂಪುಗಳನ್ನು ಕಟ್ಟಿತ್ತು. 2000-01ರಲ್ಲಿ ಸ್ತ್ರೀಶಕ್ತಿ ಬಂತು, ಈಗ ಸಂಜೀವಿನಿ ಇದೆ. ವಾರದ ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಪುಸ್ತಕ ಬರೆಯುವುದು, ಈ ಪಂಚಸೂತ್ರ ಸರಿಯಿದ್ದರೆ ಸಂಘಕ್ಕೆ 10 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ. ಕಾಗದವೇ ಇಲ್ಲದವರು ಇಲ್ಲಿಂದ ಶುರು ಮಾಡುವುದು ಒಳ್ಳೆಯದು.

ತರಬೇತಿ ಬೇಕಿದ್ದರೆ ನಿಮ್ಮ ಜಿಲ್ಲೆಯ ಆರ್‌ಸೆಟಿಗೆ (ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ) ಹೋಗಿ. ಊಟ, ವಸತಿ ಸೇರಿ ಉಚಿತ. ಇದರ ಮೂಲ ಮಾದರಿ 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟಿ. ಅಲ್ಲಿಯ ಪ್ರಮಾಣಪತ್ರಕ್ಕೆ ಬ್ಯಾಂಕಿನಲ್ಲಿ ಬೆಲೆ ಇದೆ.

ಹಂತ 6: ಬ್ಯಾಂಕಿಗೆ ಹೋಗುವ ದಿನ

ನಿಮ್ಮ ಖಾತೆ ಇರುವ ಶಾಖೆಗೇ ಹೋಗಿ. ಸೋಮವಾರ, ತಿಂಗಳ ಮೊದಲ ವಾರ ಬೇಡ, ಪಿಂಚಣಿಯವರ ಗದ್ದಲ ಇರುತ್ತದೆ. ಫೈಲಿನಲ್ಲಿ ಇವಿಷ್ಟು ಇರಲಿ: ಆಧಾರ್, ಪ್ಯಾನ್, ಫೋಟೋ, ಉದ್ಯಮ್ ಪ್ರಮಾಣಪತ್ರ, ಪರವಾನಗಿ, ಆರು ತಿಂಗಳ ಸ್ಟೇಟ್‌ಮೆಂಟ್, ಕೊಟೇಶನ್, ಲೆಕ್ಕದ ಒಂದು ಪುಟ. ಮಾಡಿದ ಮಾಲಿನ ಫೋಟೋ ಇದ್ದರೆ ಒಳ್ಳೆಯದು. ಅಕ್ಕ ಖಾನಾವಳಿಯವರಿಂದ "ಇವರಿಂದ ದಿನಾ ರೊಟ್ಟಿ ತಗೊಳ್ಳುತ್ತೇವೆ, 400 ಕೊಟ್ಟರೂ ತಗೊಳ್ಳುತ್ತೇವೆ" ಅಂತ ಲೆಟರ್‌ಹೆಡ್‌ನಲ್ಲಿ ಬರೆಸಿಕೊಂಡಿದ್ದರು. ಆ ಒಂದು ಚೀಟಿ ತುಂಬ ಕೆಲಸಕ್ಕೆ ಬಂತು.

ಆವತ್ತು ಅವರ ಯಜಮಾನರೂ ಜೊತೆಗೆ ಬಂದಿದ್ದರು. ಮ್ಯಾನೇಜರ್ ಪ್ರಶ್ನೆಯನ್ನೆಲ್ಲ ಯಜಮಾನರ ಮುಖ ನೋಡಿಯೇ ಕೇಳಿದರು. "ದಿನಕ್ಕೆ ಎಷ್ಟು ಜೋಳ ಬೇಕ್ರೀ?" ಯಜಮಾನರು ತಡವರಿಸಿದರು. ಅಕ್ಕ ಪುಸ್ತಕ ತೆಗೆದು ಮೇಜಿನ ಮೇಲೆ ಇಟ್ಟು, "ಈಗ 14 ಕೆಜಿ ಸರ್, ಮಷೀನ್ ಬಂದ್ರ 22" ಅಂದರು. ಅಲ್ಲಿಂದ ಮುಂದೆ ಮ್ಯಾನೇಜರ್ ಮಾತಾಡಿದ್ದು ಅಕ್ಕನ ಜೊತೆ. ಜೊತೆಗೆ ಯಾರು ಬಂದರೂ ಸರಿ, ಉತ್ತರ ನೀವೇ ಕೊಡಿ. ಮನೆಯಲ್ಲಿ ಎರಡು ಸಲ ಹೇಳಿ ನೋಡಿಕೊಂಡು ಹೋಗಿ.

"ಗಂಡನ ಸಹಿ ಬೇಕು" ಅಂದರೆ? ನಿಮ್ಮದೇ ವ್ಯಾಪಾರಕ್ಕೆ ಗಂಡನ ಸಹಿ ಇರಲೇಬೇಕು ಅನ್ನುವ ಕಾನೂನು ಇಲ್ಲ. "ಯಾವ ನಿಯಮ ಸರ್, ಬರೆದು ಕೊಡ್ತೀರಾ?" ಅಂತ ಮೆತ್ತಗೆ ಕೇಳಿ.

ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ತಗೊಳ್ಳದೆ ಎದ್ದು ಬರಬೇಡಿ. ಕೊಡುವುದು ಬ್ಯಾಂಕಿನ ಕರ್ತವ್ಯ. ಸಣ್ಣ ಉದ್ಯಮಗಳ 25 ಲಕ್ಷದವರೆಗಿನ ಅರ್ಜಿಯನ್ನು 14 ಕೆಲಸದ ದಿನಗಳಲ್ಲಿ ತೀರ್ಮಾನಿಸಬೇಕು. ಸ್ವೀಕೃತಿಯೇ ಇಲ್ಲದಿದ್ದರೆ ದಿನ ಎಣಿಸುವುದು ಎಲ್ಲಿಂದ?

ಹಂತ 7: ಸಹಿ ಹಾಕುವ ಮೊದಲು

ಸಾಲದ ಮುಖ್ಯಾಂಶಗಳ ಹಾಳೆ ಕೇಳಿ. 2024ರ ಅಕ್ಟೋಬರ್ 1ರಿಂದ ಇದು ಕಡ್ಡಾಯ. ಬಡ್ಡಿ, ಶುಲ್ಕ, ವಿಮೆ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಶೇಕಡ ಬೀಳುತ್ತದೆ ಅಂತ ಅದರಲ್ಲಿ ಇರುತ್ತದೆ. ನಿಮಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕು. ಕನ್ನಡದಲ್ಲಿ ಕೊಡಿ ಅಂತ ಕೇಳುವುದು ನಿಮ್ಮ ಹಕ್ಕು.

ಫ್ಲಾಟ್ ಬಡ್ಡಿಯ ಬಗ್ಗೆ ಎಚ್ಚರ. ಕಂತು ಕಟ್ಟುತ್ತಾ ಹೋದರೂ ಪೂರ್ತಿ ಸಾಲದ ಮೇಲೆಯೇ ಬಡ್ಡಿ ಹಾಕುವುದು ಇದು. ಒಂದು ಲಕ್ಷ, ಎರಡು ವರ್ಷ, "12% ಫ್ಲಾಟ್" ಅಂದರೆ ಬಡ್ಡಿ 24,000. ಅದೇ 12% ತೀರಿಸಿ ಉಳಿದ ಬಾಕಿಯ ಮೇಲೆ ಮಾತ್ರ ಲೆಕ್ಕ ಹಾಕಿದರೆ ಸುಮಾರು 13,000. ಅಂದರೆ ಆ "12% ಫ್ಲಾಟ್" ನಿಜಕ್ಕೆ 21%ಕ್ಕೂ ಜಾಸ್ತಿ. ಮನೆಬಾಗಿಲಿಗೆ ಬಂದು ಬೇಗ ಕೊಡುವವರ ಹತ್ತಿರ ಇದನ್ನು ಮೊದಲು ಕೇಳಿ. ವಿಮೆ ಬೇಡ ಅನಿಸಿದರೆ ಬೇಡ ಅನ್ನಿ.

ಹಂತ 8: ಆಗುವುದಿಲ್ಲ ಅಂದರೆ

ಕಾರಣ ಬರಹದಲ್ಲಿ ಕೇಳಿ. ಕಾಗದ ಸಾಲದಿದ್ದರೆ ತಂದುಕೊಡಿ, ವಹಿವಾಟು ಕಮ್ಮಿ ಅಂದರೆ ಮೂರು ತಿಂಗಳು ಬಿಟ್ಟು ಹೋಗಿ. ಕಾರಣ ಸರಿ ಇಲ್ಲ ಅನಿಸಿದರೆ ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರ್‌ಗೆ ಅರ್ಜಿ ಕೊಡಿ. ಬ್ಯಾಂಕಿಗೇ ದೂರು ಬರೆದು 30 ದಿನ ಕಳೆದರೂ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಸಹಾಯವಾಣಿ 14448. ಶುಲ್ಕ ಇಲ್ಲ, ವಕೀಲರೂ ಬೇಡ.

ಕೋಪದಲ್ಲಿ ಐದು ಬ್ಯಾಂಕಿಗೆ ಒಟ್ಟಿಗೆ ಅರ್ಜಿ ಹಾಕಬೇಡಿ. ಬ್ಯಾಂಕಿನವರು ಪ್ರತಿ ಸಲ ಸ್ಕೋರ್ ನೋಡಿದ್ದೂ ವರದಿಯಲ್ಲಿ ದಾಖಲಾಗುತ್ತದೆ. ನಿರಾಸೆಯಲ್ಲಿ ಮೀಟರ್ ಬಡ್ಡಿಯವರ ಹತ್ತಿರವಂತೂ ಹೋಗಲೇಬೇಡಿ. ಈಗಾಗಲೇ ಸಿಕ್ಕಿಹಾಕಿಕೊಂಡು ಕಿರುಕುಳ ಅನುಭವಿಸುತ್ತಿದ್ದರೆ, ಬಲವಂತದ ವಸೂಲಿ ತಡೆಯಲು ಕರ್ನಾಟಕದಲ್ಲಿ 2025ರಿಂದ ಕಾನೂನು ಇದೆ, 10 ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶ ಇದೆ. ಪೊಲೀಸ್ ಠಾಣೆಗೆ ಹೋಗಲು ಹಿಂಜರಿಯಬೇಡಿ. ಮೈಕ್ರೋಫೈನಾನ್ಸ್‌ನವರು ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ.

ಹಂತ 9: ಸಾಲ ಬಂದ ಮೇಲೆ

ಯಂತ್ರದ ದುಡ್ಡು ಸಾಮಾನ್ಯವಾಗಿ ನೇರ ಮಾರುವವರ ಖಾತೆಗೇ ಹೋಗುತ್ತದೆ. ಉಳಿದ ದುಡ್ಡನ್ನು ಮನೆಯ ಮದುವೆಗೆ, ಮೈದುನನ ಬೈಕಿಗೆ ತಿರುಗಿಸಬೇಡಿ. ಮನೆಯವರು ಕೇಳುತ್ತಾರೆ, ನನಗೆ ಗೊತ್ತು. ಇಲ್ಲ ಅನ್ನುವುದು ಕಷ್ಟ. ಆದರೆ ಕಂತು ಕಟ್ಟುವುದು ನೀವು, ಸ್ಕೋರ್ ಕೆಡುವುದು ನಿಮ್ಮದು.

ಕಂತಿನ ದಿನಕ್ಕೆ ಎರಡು ದಿನ ಮೊದಲೇ ಖಾತೆಯಲ್ಲಿ ದುಡ್ಡಿರಲಿ. ಅಕ್ಕ ದಿನಾ ರಾತ್ರಿ 175 ರೂಪಾಯಿ ಬೇರೆ ಡಬ್ಬಿಗೆ ಹಾಕುತ್ತಾರೆ. 25 ದಿನಕ್ಕೆ 4,375, ಕಂತು ಅದರಲ್ಲೇ ಮುಗಿಯುತ್ತದೆ. ಯಾವುದಾದರೂ ತಿಂಗಳು ಆಗುವುದಿಲ್ಲ ಅಂತ ಗೊತ್ತಾದರೆ ಫೋನ್ ಆಫ್ ಮಾಡಿ ಕೂರಬೇಡಿ, ಮೊದಲೇ ಬ್ಯಾಂಕಿಗೆ ಹೋಗಿ ಹೇಳಿ. 90 ದಿನ ದಾಟಿ ಬಾಕಿ ಉಳಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ ಅಂತ ಆಗುತ್ತದೆ, ಆಮೇಲೆ ಮುಂದಿನ ಸಾಲದ ಬಾಗಿಲು ಮುಚ್ಚಿದ ಹಾಗೇ.

ಕೊನೆಯ ಕಂತು ಕಟ್ಟಿದ ದಿನ ಬಾಕಿ ಇಲ್ಲ ಅನ್ನುವ ಪತ್ರವನ್ನು ಬ್ಯಾಂಕಿನಿಂದ ಕೇಳಿ ತಗೊಳ್ಳಿ. ಒಂದು ತಿಂಗಳು ಬಿಟ್ಟು ಕ್ರೆಡಿಟ್ ವರದಿ ತೆಗೆಸಿ, ಆ ಸಾಲದ ಮುಂದೆ "ಮುಕ್ತಾಯ" ಅಂತ ಬಂದಿದೆಯಾ ನೋಡಿ. ಪತ್ರವನ್ನು ಉದ್ಯಮ್ ಪ್ರಮಾಣಪತ್ರದ ಜೊತೆ ಅದೇ ಫೈಲಿನಲ್ಲಿ ಇಡಿ, ಮುಂದಿನ ಸಲ ದೊಡ್ಡ ಸಾಲ ಕೇಳಲು ಹೋದಾಗ ಮೊದಲು ತೋರಿಸಬೇಕಾದದ್ದು ಅದನ್ನೇ.